ಅರವತ್ತರಲ್ಲಿ ನಲವತ್ತೊಂದನೆಯದು

ಟ್ರೊಮ್ಸೊ. ನವೆಂಬರಿನ ಕೊನೆ.
ಸೂರ್ಯ ಮೊನ್ನೆಯೇ ಬೆಟ್ಟದಾಚೆ ಬೀಗ ಜಡಿದು ಹೋದ,
ಇನ್ನು ಬರುವುದು ಜನವರಿಗೆ.
ಆದರೂ ಹೋಟೆಲಿನ ಹುಡುಗ ಮಧ್ಯಾಹ್ನ ಒಂದಕ್ಕೆ ಬಂದು
ಕಿಟಕಿಯ ಪರದೆಗಳನ್ನೆಲ್ಲ ಎಳೆದ,
ಬೆಳಕು ಬರಬಾರದಂತೆ.
ನಾವು ನಕ್ಕೆವು. ಹದಿನೇಳು ಮಂದಿ,
ಕತ್ತಲೆಯಲ್ಲೇ ಅನ್ನ ದುಡಿದವರು.

ಎದೆಯ ಚಿತ್ರ ಓದುವವರು
ಓದುವುದನ್ನು ಆಗಾಗ ಮತ್ತೆ ಕಲಿಯಬೇಕು.
ಹದಿನಾಲ್ಕು ಅಂಕ, ಒಂದು ಪ್ರಮಾಣಪತ್ರ,
ಕಂದು ಚೀಸಿನ ಹೋಳು ಹೊದ್ದ ಬ್ರೆಡ್ಡು,
ಕಾಫಿ ಎಂಬ ಹೆಸರಿನ ಬಿಸಿನೀರು.

ನನಗೆ ಅರವತ್ತೊಂದು.
ಮೂವತ್ತು ವರ್ಷ, ದಿನಕ್ಕೆ ನೂರು ಹೆಂಗಸರ ಎದೆ ನೋಡಿದ್ದೇನೆ,
ಒಬ್ಬರ ಮುಖವೂ ಗೊತ್ತಿಲ್ಲ.
ಬಸ್ಸು ಹೋಗುತ್ತದೆ ಊರಿಂದೂರಿಗೆ, ಸೇತುವೆ ದಾಟಿ, ದೋಣಿಯೇರಿ.
ಮೀನಿನ ಕಾರ್ಖಾನೆಯ ಪಾಳಿ ಮುಗಿಸಿದವಳು,
ಹಿಮಸಾರಂಗದ ಮಂದೆಯನ್ನು ಅಣ್ಣನಿಗೆ ಒಪ್ಪಿಸಿ ಬಂದವಳು,
ಚರ್ಚಿನಲ್ಲಿ ಆರ್ಗನ್ ನುಡಿಸುವವಳು
ಉಸಿರು ಹಿಡಿದು ನಿಲ್ಲುತ್ತಾರೆ,
ತಣ್ಣನೆಯ ಹಲಗೆಗೆ ಎದೆಗೊಟ್ಟು.
ನನ್ನ ಬಳಿ ಬರುವುದು
ನಾಲ್ಕು ಬೂದು ಚಿತ್ರ, ಒಂದು ಸಂಖ್ಯೆ.

ಪಾಠ ಹೇಳುವ ಸುನ್ನಿವಾ
ನನ್ನ ಕೊನೆಯ ಮಗಳಿಗಿಂತ ಎಳೆಯವಳು.
"ದಟ್ಟ ಎದೆಯಲ್ಲಿ ಗಡ್ಡೆ ಹುಡುಕುವುದೆಂದರೆ
ಹಿಮದಲ್ಲಿ ಬಿಳಿ ಕರಡಿ ಹುಡುಕಿದಂತೆ:
ಈ ಮಾತನ್ನು ಇವತ್ತು ಯಾರೂ ಆಡಕೂಡದು.
ಕರಡಿ ದೊಡ್ಡದು. ಅದು ನಡೆದಾಡುತ್ತದೆ."

ಅರವತ್ತು ಪ್ರಕರಣ. ಗುಂಡಿ ಎರಡೇ:
ಕರೆಸಿ. ಬಿಡಿ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.
ಉಪ್ಪು ಚೆಲ್ಲಿದ ಹಾಗೆ ಸುಣ್ಣದ ಚುಕ್ಕಿ: ಕರೆಸಿ.
ಮುಳ್ಳು ಮುಳ್ಳಾದ ನಕ್ಷತ್ರ: ಕರೆಸಿ.
ನಲವತ್ತೊಂದನೆಯದು ಅಷ್ಟೇನೂ ದಟ್ಟವಲ್ಲ,
ಎಡಕ್ಕೆ ಬಲ ಅವಳಿಜವಳಿ.
ಬೆರಳು ತಾನಾಗಿ ಒತ್ತಿತು.
ಬಿಡಿ.

ಆಮೇಲೆ ಉತ್ತರ.
"ನಲವತ್ತೊಂದು. ಸೆನ್ಯಾ ದ್ವೀಪದ ಬಸ್ಸು, ಆರು ವರ್ಷದ ಹಿಂದೆ.
ಇಬ್ಬರು ಓದಿದರು, ಇಬ್ಬರೂ ಬಿಟ್ಟರು.
ಹದಿಮೂರು ತಿಂಗಳಿಗೆ ಸ್ನಾನದಲ್ಲಿ
ಆಕೆಯ ಕೈಗೇ ಸಿಕ್ಕಿತು."

ಆ ಶರತ್ಕಾಲ ಸೆನ್ಯಾದ ಬಸ್ಸು ಓದಿದ್ದು
ನಾನು, ಮತ್ತು ಈಗ ಮಣ್ಣಾಗಿರುವ ಹಲ್ವಾರ್ಡ್.
ಸತ್ತವನ ಮೇಲೆ ಹೊರಿಸುವಂತಿಲ್ಲ,
ಇಬ್ಬರೂ ಅಂದಳಲ್ಲ.
ಅಂದು ಬಿಟ್ಟೆ.
ಇಂದು, ಕಲಿಯಲೆಂದೇ ದುಡ್ಡು ಕಟ್ಟಿ ಬಂದು,
ಮತ್ತೆ ಬಿಟ್ಟೆ.

ಅವಳು ಹಿಗ್ಗಿಸಿ ತೋರಿಸಿದಳು: ಬಲ ಎದೆ, ಮೇಲೆ, ಹೊರಮೂಲೆ.
ಗಡ್ಡೆಯಿಲ್ಲ, ಚುಕ್ಕಿಯಿಲ್ಲ.
ತೊಟ್ಟಿನತ್ತ ಹರಿಯಬೇಕಾದ ಎಳೆಗಳು
ಒಂದು ಕಡೆ, ಏನೋ ನೆನಪಾದಂತೆ, ಹೊರಳಿವೆ.
ಸ್ವೆಟರಿನ ಒಳಗಿಂದ ಯಾರೋ
ಉಣ್ಣೆಯ ಒಂದೆಳೆ ಜಗ್ಗಿ ಹಿಡಿದಿದ್ದಾರೆ, ಅಷ್ಟೇ.

ನನ್ನ ಚೀಲದಲ್ಲಿ ಮೊಮ್ಮಗನ ಕೈಗವಸಿದೆ, ಅರ್ಧ ಹೆಣೆದದ್ದು.
ಒಂದು ಕುಣಿಕೆ ತಪ್ಪಿದರೆ ಅಲ್ಲಿ
ಬೆರಳು ಕತ್ತಲಲ್ಲೂ ನಿಲ್ಲುತ್ತದೆ.
ಇಲ್ಲಿ ಕಣ್ಣು ನಿಲ್ಲಲಿಲ್ಲ.

"ಬಿಟ್ಟವರು ಎಷ್ಟು ಜನ?"
ಹನ್ನೊಂದು ಕೈ.
ಸಮಾಧಾನ ಮಾಡಿಕೊಳ್ಳಿ ಎಂದು ಅವಳು ಹೇಳಲಿಲ್ಲ.
ಎತ್ತಿದ ಕೈ ಇಳಿಸುವುದು ಮರೆತೆ ನಾನು.
"ಏನಾದರೂ ಕೇಳಬೇಕಿತ್ತೇ?"
"ಆಕೆ," ಎಂದೆ, "ಈಗ...?"
"ಅದು ಕಡತದಲ್ಲಿಲ್ಲ."
ಸ್ವಲ್ಪ ತಡೆದು, "ನಲವತ್ತೆರಡು."

ಮುಗಿಯುವಾಗ ಇನ್ನೊಂದು ಮಾತು ಹೇಳಿದಳು,
ನನ್ನನ್ನು ನೋಡದೆ, ನನಗೇ:
"ಸೋಮವಾರ ಎಲ್ಲರನ್ನೂ ಕರೆಸಬೇಡಿ.
ನಿಮ್ಮ ಭಯಕ್ಕೆ ಅಂಚೆಚೀಟಿ ಹಚ್ಚಿ ಕಳಿಸಿದರೆ
ಇನ್ನಾರದೋ ಮನೆಯಲ್ಲಿ ನಿದ್ದೆಯಿರುವುದಿಲ್ಲ."

ಸೋಮವಾರ. ಕತ್ತಲ ಕೋಣೆ. ಮೊದಲ ಸಂಖ್ಯೆ.
ಎಳೆ ಎಳೆಯಾಗಿ ಹೋದೆ, ಹೆಣಿಗೆ ತಡವುವ ಹಾಗೆ,
ತೊಟ್ಟಿನಿಂದ ಆಚೆಗೆ, ಆಚೆಯಿಂದ ಮತ್ತೆ ತೊಟ್ಟಿಗೆ.
ಏನೂ ಇಲ್ಲ.
ಇಲ್ಲವೆಂದು ಒಪ್ಪಲು
ಕಾಫಿ ಆರುವಷ್ಟು ಹೊತ್ತು ಹಿಡಿಯಿತು.
ಬಿಡಿ.
ಈ ಸಲ ಒತ್ತಿದ್ದು ಬೆರಳಲ್ಲ, ನಾನು.

ಇನ್ನೂ ತೊಂಬತ್ತೊಂಬತ್ತು.