ನಲವತ್ತೊಂಬತ್ತು

ಹನ್ನೊಂದು ಹಾಳೆ ತಂದಿದ್ದೆ, ಸ್ಪೈರಲ್ ಹಾಕಿಸಿ,
ನಡುವೆ ಎರಡು ಬಣ್ಣದ ನಕ್ಷೆ.
ಪಿ.ಎ. ಮರಿಲಿಂಗಯ್ಯ ಕೈಯಲ್ಲೇ ತೂಗಿ ವಾಪಸ್ ಕೊಟ್ಟರು:
“ಸಾಹೇಬ್ರು ಒಂದ್ ಹಾಳೆ ಓದ್ತಾರೆ ಮೇಡಂ,
ಅದೂ ಕಾರಲ್ಲಿ, ಮದ್ದೂರು ದಾಟೋವರ್ಗೆ.”

ಶಾಸಕರ ಮನೆಯ ಹಜಾರ, ಬೆಳಿಗ್ಗೆ ಏಳೂವರೆ.
ಟ್ರಾನ್ಸ್‌ಫಾರ್ಮರ್ ಸುಟ್ಟ ಊರಿನವರು, ವರ್ಗಾವಣೆ ಬೇಕಾದ ಮೇಷ್ಟ್ರು,
ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದ ಮೂವರು.
ಎಲ್ಲರಿಗೂ ಅವರವರ ಅಹವಾಲು ಬಾಯಿಪಾಠ.
ನನ್ನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ.
ಬಿಚ್ಚಿ ಬ್ಯಾಗಿಗೆ ಹಾಕಿದೆ.
ಮತ್ತೆ ತೆಗೆದು ತೊಟ್ಟೆ.

ಕಿಟಕಿಯ ಕಟ್ಟೆಯ ಮೇಲಿಟ್ಟು ಹೊಡೆಯುತ್ತ ಹೋದೆ:
‘ಜಾಗತಿಕ ಮಟ್ಟದಲ್ಲಿ’, ಹೊಡೆದೆ.
‘ಉತ್ಪಾದಕತೆಯ ಸೂಚ್ಯಂಕ’, ಹೊಡೆದೆ.
‘ಸಂಬಂಧಪಟ್ಟವರೊಂದಿಗೆ ಸಮಾಲೋಚಿಸಿ’,
ಎರಡು ಸಲ ಹೊಡೆದೆ.
ಉಳಿದದ್ದು ಒಂದು ಅಂಕಿ.

ಗೆಜ್ಜಲಗೆರೆಯ ನಮ್ಮ ಸಾಲಿನಲ್ಲಿ ಹದಿನಾಲ್ಕು ಶೆಡ್ಡು.
ಹದಿನಾಲ್ಕರ ಹಾಜರಿ ಪುಸ್ತಕದಲ್ಲೂ ನಲವತ್ತೊಂಬತ್ತೇ ಹೆಸರು.
ಐವತ್ತಾದರೆ ಕೂಸುಗಳಿಗೊಂದು ಕೋಣೆ ಕೊಡಬೇಕು, ಕಾನೂನು.
ಅದಕ್ಕೇ ಐವತ್ತಾಗುವುದಿಲ್ಲ.
ಐವತ್ತನೆಯವಳು ಗೇಟಿಗೆ ಬಂದರೆ
ದೆವ್ವಕ್ಕೆ ಬಾಗಿಲ ಮೇಲೆ ಬರೆದ ಹಾಗೆ
ನಾಳೆ ಬಾ.

ಶಾಸಕರು ಕನ್ನಡಕ ಹಣೆಗೇರಿಸಿ ಓದಿದರು.
“ಯಾರ್ ಕಡೆಯವ್ರಮ್ಮ ನೀವು?
ಕಂಪನಿ ಕಡೆಯೋ, ಹೆಣ್ಮಕ್ಕಳ ಕಡೆಯೋ?”

‘ಇಬ್ಬರಿಗೂ ಲಾಭ’ ಎಂಬುದು ನಾಲ್ಕನೆಯ ಪುಟದಲ್ಲಿತ್ತು,
ಆ ಪುಟ ಬ್ಯಾಗಿನಲ್ಲಿತ್ತು.
ಬಾಯಿಗೆ ಬಂದದ್ದು ಬೇರೆ:
“ಆ ಲೆಕ್ಕ ಇಟ್ಟವಳೇ ನಾನು ಸರ್. ಒಂಬತ್ತು ವರ್ಷ.
ಪುಸ್ತಕ ತರಿಸಿ ನೋಡಿ, ದುಂಡಗಿನ ಅಕ್ಷರ ನನ್ನದು.”

ಮೇಷ್ಟ್ರು ನನ್ನ ಕಡೆ ತಿರುಗಿದರು.
ಲಗ್ನಪತ್ರಿಕೆಯವರೂ.

ಆಮೇಲೆ ಮಹದೇವಿಯ ವಿಷಯ ಹೇಳಿದೆ.
ಹನ್ನೊಂದು ಗಂಟೆಗೆ ಅವಳ ರವಿಕೆ ಒದ್ದೆಯಾಗುತ್ತದೆ.
ಎದ್ದುಹೋಗಿ, ಪಾಯಿಖಾನೆಯ ಗೋಡೆಗೆ ಹಾಲು ಹಿಂಡಿ,
ಮುಖ ತೊಳೆದು ಮಷೀನಿಗೆ ಬರುತ್ತಾಳೆ.
ಮಗು ಕೆಸ್ತೂರಿನಲ್ಲಿ, ಅತ್ತೆಯ ಹತ್ತಿರ.
ಅವಳು ಹೊಲಿಯುವುದು ರಫ್ತಿನ ಅಂಗಿ,
ಆರು ತಿಂಗಳ ಕೂಸಿನ ಅಳತೆ.
ಅವಳು ಎದ್ದುಹೋದ ಏಳು ನಿಮಿಷವನ್ನೂ
ನಾನೇ ಬರೆದುಕೊಂಡಿದ್ದೇನೆ.

“ಶೆಡ್ಡು ಶೆಡ್ಡಿಗೆ ಎಣಿಸಬೇಡಿ ಸರ್, ಬೀದಿಗೆ ಎಣಿಸಿ.
ಬೀದಿಗೊಂದು ಕೋಣೆ, ಒಬ್ಬ ಆಯಾ, ನೀರಿನ ನಲ್ಲಿ.
ಖರ್ಚು ಹದಿನಾಲ್ಕು ಜನ ಹಂಚಿಕೊಳ್ಳಲಿ.
ನಿಯಮದಲ್ಲಿ ಒಂದೇ ಪದ ಬದಲಾಗಬೇಕು.”

“ಆರ್ನೂರ ಎಂಬತ್ತಾರು” ಅಂದರು ಕಣ್ಣು ಮುಚ್ಚಿ,
ಕಬ್ಬಿನ ಗಾಡಿಯ ಲೆಕ್ಕದಲ್ಲಿ ಪಳಗಿದ ಬಾಯಿ.
“ತೂಕದಲ್ ಹೊಡೆಯೋದ್ ಗೊತ್ತಿತ್ತು ಕಣವ್ವ.
ತಲೆ ಎಣ್ಸೋದ್ರಲ್ಲೂ ಹೊಡೀತಾರಾ?”

ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸುತ್ತೇನೆಂದರು.
ಮೂರು ಸಾಲಿನ ಪ್ರಶ್ನೆ, ನಾನೇ ಬರೆದುಕೊಟ್ಟೆ.
ಅಧಿವೇಶನ ನಡೆಯಿತು, ಚುಕ್ಕೆಯೂ ಬಿತ್ತು,
ಉತ್ತರವೂ ಬಂತು: ಪರಿಶೀಲನೆಯಲ್ಲಿದೆ.

ಮಾಲೀಕರು ಕರೆಸಿದರು.
“ಶಾಸಕರ ಮನೇಲಿ ಕಾಫಿ ಹೆಂಗಿತ್ತಮ್ಮ?”
ಸಕ್ಕರೆ ಜಾಸ್ತಿ ಸರ್, ಅಂದೆ.
ಕೆಲಸ ಹೋಗಲಿಲ್ಲ. ಬಡ್ತಿ ಹೋಯಿತು.

ಈಗ ಹೊಸ ಹಾಳೆ. ಒಂದೇ.
ಕಾರ್ಮಿಕ ಇಲಾಖೆಗೊಂದು ಪ್ರತಿ, ಮರಿಲಿಂಗಯ್ಯನವರಿಗೊಂದು.
ಕೆಳಗೆ ಹದಿನಾಲ್ಕು ಶೆಡ್ಡಿನ ಎಚ್.ಆರ್.ಗಳ ಸಹಿಗೆ ಜಾಗ.
ಬಿದ್ದಿರುವುದು ಐದು.

ಗುಂಡಿ ಶೆಡ್ಡಿನ ಸಬೀಹಾ
ಪೆನ್ನಿನ ಮುಚ್ಚಳ ತೆಗೆದಳು,
ಎರಡು ಸಲ ಓದಿದಳು,
ಮುಚ್ಚಳ ಹಾಕಿದಳು.
“ನಾಳೆ ಬನ್ನಿ ಅಕ್ಕಾ.”

ನಾಳೆ ಹೋಗುತ್ತೇನೆ.