ಒಂದು ಕಂದು

ಎಪ್ಪತ್ತಾರರ ಚಳಿಗಾಲ. ಬೋಲ್ಟನ್ ಊರಿನ ಟೀವಿ ಕಾರ್ಖಾನೆ.
ಮೂರನೇ ಬೆಂಚು, ಕಿಟಕಿಯಿಂದ ದೂರ.
ಅಕ್ಕಿಕಾಳಿಗಿಂತ ಚೂರು ದಪ್ಪ ಒಂದೊಂದು ರೆಸಿಸ್ಟರು,
ಮೈಸುತ್ತ ಬಣ್ಣದ ಬಳೆ.
ಬಳೆ ಓದಲು ಬಂದರೆ ಕೆಲಸ, ಬಾರದಿದ್ದರೆ
ಮರುದಿನವೇ ಪ್ಯಾಕಿಂಗಿಗೆ, ರಟ್ಟು ಮಡಚಲು.

ಮೇಸ್ತ್ರಿ ಹೆಸ್ಕೆತ್ ಬಂದು ಒಂದು ವಾಕ್ಯ ಹೇಳಿಕೊಟ್ಟ.
ಹತ್ತು ಪದ, ಹತ್ತು ಬಣ್ಣದ ಮೊದಲಕ್ಷರ.
ಗಂಡಸರು ನಕ್ಕರು.
ಹಂಸಾಬೆನ್‌ಗೆ ಇಂಗ್ಲಿಷ್ ಬಾರದು, ಅವಳೂ ನಕ್ಕಳು, ಮರ್ಯಾದೆಗೆ.
ಮೋರೀನ್ ಮಾತ್ರ ಬೆಸುಗೆ ಕಡ್ಡಿಯ ತುದಿಯನ್ನೇ ನೋಡುತ್ತಿದ್ದಳು.
ನನಗೆ ಅರ್ಥವಾಗಲು ಮಧ್ಯಾಹ್ನದ ಚಹಾ ಆಗಬೇಕಾಯಿತು:
ಆ ವಾಕ್ಯದೊಳಗೆ ಒಬ್ಬ ಹುಡುಗಿ ಇದ್ದಾಳೆ.
ಹಸಿರು ಹಳದಿಗಳ ಲೆಕ್ಕ ತಪ್ಪದಿರಲೆಂದು
ದಿನಕ್ಕೆ ಎಂಟು ತಾಸು
ಅವಳನ್ನು ಕೆಡಿಸುತ್ತಲೇ ಇರಬೇಕು.

ರಾತ್ರಿ ಗ್ಯಾಸ್ ಬಿಲ್ಲಿನ ಬೆನ್ನಿಗೆ ಕನ್ನಡದಲ್ಲಿ ಬರೆದು ನೋಡಿದೆ.
ಕಪ್ಪು, ಕಂದು, ಕೆಂಪು, ಕಿತ್ತಳೆ.
ನಾಲ್ಕೂ ಕ! ಆಮೇಲೆ ಎರಡು ಹ, ಎರಡು ನ, ಎರಡು ಬ.
ಮೊದಲಕ್ಷರ ಹಿಡಿದು ಯಾವ ಬುದ್ಧಿವಂತನೂ ಇಲ್ಲಿ ವಾಕ್ಯ ಕಟ್ಟಲಾರ.
ಕಕ್ಕಕ್ಕ ಎಂದರೆ ಕಾಗೆ ಬಂದೀತು, ಅಷ್ಟೆ.

ಬಿಲ್ಲು ಮಡಚಿಟ್ಟು ಪಾತ್ರೆ ತೊಳೆಯಲು ನಿಂತೆ.
ನಲ್ಲಿಯ ಸದ್ದಿನೊಳಗೆ ಬಾಯಿ ತಾನಾಗಿ ಮಗ್ಗಿಗೆ ಬಿತ್ತು:
ಸೊನ್ನೆ ಕಪ್ಪು, ಒಂದು ಕಂದು,
ಎರಡು ಕೆಂಪು, ಮೂರು ಕಿತ್ತಳೆ,
ನಾಲ್ಕು ಹಳದಿ, ಐದು ಹಸಿರು,
ಆರು ನೀಲಿ, ಏಳು ನೇರಳೆ,
ಎಂಟು ಬೂದು, ಒಂಬತ್ತು ಬಿಳಿ.
ನಡುವೆ ಯಾರನ್ನೂ ಎಳೆದು ತರಬೇಕಿಲ್ಲ.
ಕೈ ಕೈ ಹಿಡಿದು ತಾವೇ ಸಾಲಾಗಿ ನಿಂತಿದ್ದವು.
ಒಂದು ಕಂದು! ಯಾರು ಹೊಂದಿಸಿಟ್ಟಿದ್ದರು ಇದನ್ನು,
ಯಾವ ಕಾಲದಲ್ಲಿ, ಯಾವ ಟೀವಿಗಾಗಿ?

ಮೋರೀನಳಿಗೆ ಒಂದು ವಾರ ಸಾಕಾಯಿತು.
ನೇರಳೆಯ ಳ ಅವಳ ನಾಲಗೆಗೆ ಒಗ್ಗಲಿಲ್ಲ, ನೇರಲೆ ಆಯಿತು.
ಹಂಸಾಬೆನ್ ಇಡೀ ಮಗ್ಗಿಗೆ ಗುಜರಾತಿ ರಾಗ ಹಚ್ಚಿದಳು.
ಕೊನೆಯ ಬಳೆ ಚಿನ್ನದ್ದಾದರೆ ನೂರಕ್ಕೆ ಐದು ತಪ್ಪು ಮಾಫಿ,
ಬೆಳ್ಳಿಯದಾದರೆ ಹತ್ತು.
ನಮ್ಮ ಬೆಂಚಿನ ಕನ್ನಡಕ್ಕೆ ನಾನು ಬೆಳ್ಳಿ ಕೊಟ್ಟೆ.

ಹಳದಿ ನೇರಳೆ ಕೆಂಪು! ನಾಲ್ಕು ಸಾವಿರದ ಏಳುನೂರು!
ಒಬ್ಬಳು ಬಣ್ಣ ಕೂಗಿದರೆ ಇನ್ನೊಬ್ಬಳು ಅಂಕಿ.
ಅತ್ತ ಗಂಡಸರ ಬೆಂಚು ಕಿವಿ ನಿಮಿರಿಸಿತು,
ತಮ್ಮನ್ನೇ ಬೈಯುತ್ತಿದ್ದೇವೆಂದು.

ಮಾರ್ಚಿನ ಒಂದು ಸಂಜೆ, ಎಲ್ಲರೂ ಕೋಟು ತೊಡುತ್ತಿರುವಾಗ,
ಹೆಸ್ಕೆತ್ ಬಂದ. ಅಂಗೈಯಲ್ಲಿ ಒಂದೇ ಒಂದು ರೆಸಿಸ್ಟರು.
ಕಿಸೆಯ ಮೀಟರಿನ ಬ್ಯಾಟರಿ ಅಂದು ಸತ್ತಿತ್ತು.
ನಡುವಿನ ಬಳೆ ಕಪ್ಪು, ಅದು ಕಾಣುತ್ತದೆ ಎಂದ.
ಆಚೀಚೆಯವೆರಡು ಒಂದೇ ಬಣ್ಣವೋ, ಬೇರೆ ಬೇರೆಯೋ?
ದೀಪಕ್ಕೆ ಹಿಡಿದ, ತಿರುಗಿಸಿದ, ಕನ್ನಡಕ ತೆಗೆದ.
ಕಂದು ಕೆಂಪು ಅವನ ಕಣ್ಣಿಗೆ ಹುಟ್ಟಿನಿಂದಲೂ ಒಂದೇ;
ಕೊನೆಯದು ಕಂದಾದರೆ ನೂರು, ಕೆಂಪಾದರೆ ಸಾವಿರ.
ಇಪ್ಪತ್ತು ವರ್ಷ ಆ ವಾಕ್ಯವನ್ನು ಅಷ್ಟು ಜೋರಾಗಿ ಕೂಗಿದ್ದು
ಬಣ್ಣ ಕಾಣದೆ.

ಒಂದು, ಸೊನ್ನೆ, ಎರಡು, ಎಂದೆ. ಸಾವಿರ.
ಅಷ್ಟೇ ಹೇಳಿದೆ. ಕ್ಷಮಿಸಿದೆನೆಂದು ಯಾರೂ ಬರೆದುಕೊಳ್ಳಬೇಡಿ;
ಅವನ ಕೊನೆಯ ಬಳೆ ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ.
ಮರುವಾರ ಹೊಸ ಹುಡುಗರಿಗೆ ಅದೇ ವಾಕ್ಯ ಹೇಳಿಕೊಟ್ಟ,
ಕೊಂಚ ಮೆಲ್ಲಗೆ.

ಈಗ ಅಲ್ಲಿ ಸೋಫಾ ಮಾರುತ್ತಾರೆ.
ರೆಸಿಸ್ಟರುಗಳೂ ಸಾಸಿವೆಗಿಂತ ಸಣ್ಣವಾಗಿ ಬಳೆ ಕಳಚಿಟ್ಟಿವೆ.
ಹೋದ ಶನಿವಾರ ಮಾರ್ಕೆಟ್ಟಿನ ಉಣ್ಣೆಯಂಗಡಿಯಲ್ಲಿ
ಮೋರೀನ್, ಎಂಬತ್ತೆರಡು ವರ್ಷ, ಕೈಯಲ್ಲಿ ಊರುಗೋಲು,
ಕೆಲಸದ ಹುಡುಗಿಯನ್ನು ಗದರುತ್ತಿದ್ದಳು:
ಕಿತ್ತಳೆ ಕಣೇ, ಕಿತ್ತಳೆ! ಗೊತ್ತಿಲ್ಲವೇ? ಮೂರು!
ಹುಡುಗಿ ಗಾಬರಿಯಲ್ಲಿ
ಮೂರು ಉಂಡೆ ಎತ್ತಿಕೊಟ್ಟಳು.
ಬೂದು.