ಮೊಣಕಾಲಿನ ಕೆಲಸ

ನಮ್ಮ ಮಾತಿನಲ್ಲಿ ನಿನ್ನ ಹೆಸರು ಸುಕು.
ಎರಡೇ ಅಕ್ಷರ. ಮುಖಗಾಜಿನ ಒಳಗೆ
ಒಂದು ಉಸಿರು ಬಿಡುವಷ್ಟರಲ್ಲಿ ಹೇಳಿ ಮುಗಿಯುತ್ತದೆ.
ಅಷ್ಟು ಸಾಕು. ಉದ್ದದ ಪ್ರಾರ್ಥನೆ
ಈ ಕೆಲಸಕ್ಕೆ ಒಗ್ಗುವುದಿಲ್ಲ.

ನಾನು ಚಿಲೊಂಬೊ. ದಾರಿಯಲ್ಲಿ ಹುಟ್ಟಿದವಳು ಅಂತ ಅರ್ಥ.
ಯುದ್ಧಕ್ಕೆ ಹೆದರಿ ಕುಯಿತು ಬಿಟ್ಟು ಓಡುವಾಗ
ಅವ್ವ ನನ್ನನ್ನು ಹೆತ್ತದ್ದು ಸುಟ್ಟ ಲಾರಿಯೊಂದರ ನೆರಳಲ್ಲಿ.
ಈಗ ಅದೇ ದಾರಿಯ ಮಗ್ಗುಲಲ್ಲಿ
ಒಂದು ಮೀಟರ್ ಅಗಲದ ಓಣಿ ನನ್ನ ಪಾಲಿಗೆ.
ಎಡಕ್ಕೆ ಕೆಂಪು ಗೂಟ, ಬಲಕ್ಕೆ ಕೆಂಪು ಗೂಟ,
ಬೆನ್ನ ಹಿಂದೆ ಬಿಳಿ ಗೂಟ: ತಡಕಿ ಮುಗಿದ ನೆಲ.
ಮುಂದಿರುವುದೆಲ್ಲ ನಿನ್ನದು.

ಮುದುಕ ಸಪಾಲೊ ಹಗ್ಗದಾಚೆ ನಿಂತು ನಗುತ್ತಾನೆ.
ಇಗರ್ಜಿಗೆ ಹತ್ತಿರದ ದಾರಿ ಇದೇ ಎಂದು
ಇಪ್ಪತ್ತು ವರ್ಷ ಈ ಹುಲ್ಲಿನಲ್ಲೇ ನಡೆದವನು.
'ನಂಬಿಕೆ ಇದ್ದಿದ್ದರೆ ಎದ್ದು ನಡೆಯುತ್ತಿದ್ದೆ, ಹುಡುಗಿ,
ಹೀಗೆ ತೆವಳುತ್ತಿರಲಿಲ್ಲ.'

ನಿನ್ನನ್ನು ಕಾಯ್ದವನು
ನಿನ್ನ ಮೇಕೆಯನ್ನು ಯಾಕೆ ಕಾಯಲಿಲ್ಲ ಮಾವ
ಎಂದು ನಾನು ಕೇಳಲಿಲ್ಲ. ಲುಸಾತಿಯ ಎಡಗಾಲನ್ನು ಯಾಕೆ ಎಂದೂ.
ಕೇಳಬೇಕಾದ್ದು ಅವನನ್ನಲ್ಲ.
(ನಿನ್ನನ್ನು ಕೇಳಿದ್ದೇನೆ.
ಉತ್ತರ ಇನ್ನೂ ಬಂದಿಲ್ಲ. ನೆನಪಿರಲಿ.)

ಹನ್ನೊಂದೂ ಮುಕ್ಕಾಲಿಗೆ ಯಂತ್ರ ಕೂಗಿತು.
ಮೊಳೆ ಇರಬಹುದು, ಮೀನಿನ ಡಬ್ಬಿಯ ಚೂರಿರಬಹುದು,
ಈ ನೆಲ ಏನೇನು ನುಂಗಿದೆಯೋ.
ಪಕ್ಕದಿಂದ ಅಗೆಯಬೇಕು, ಮೇಲಿಂದಲ್ಲ,
ಕೀವಾದ ಗಾಯವನ್ನು ಮುಟ್ಟುವ ಹಾಗೆ.
ಒಂದು ಬೆರಳು ಮಣ್ಣು. ಇನ್ನೊಂದು ಬೆರಳು.
ಒಂದು ಬೇರು. ಇರುವೆ.
ಆಮೇಲೆ ಹಸಿರು ಪ್ಲಾಸ್ಟಿಕ್ಕಿನ ಅಂಚು,
ಮಗುವಿನ ಬುತ್ತಿಡಬ್ಬಿಯ ಮುಚ್ಚಳದಂತೆ.

ಹೆದರಿಕೆ ಬಂತು. ಬರುತ್ತದೆ. ಒಂಬತ್ತು ವರ್ಷವಾದರೂ ಬರುತ್ತದೆ.
ಹೊಟ್ಟೆಯಿಂದ ಎದ್ದು ಮೊಣಕೈವರೆಗೆ ಬಂದು
ನಿಲ್ಲುತ್ತದೆ, ಒಳಗೆ ಕರೆಯದ ನೆಂಟನ ಹಾಗೆ.
ಮೊದಮೊದಲು ಬೇಡುತ್ತಿದ್ದೆ: ಇದನ್ನು ತೆಗೆದುಬಿಡು.
ನೀನು ತೆಗೆಯಲಿಲ್ಲ. ಒಳ್ಳೆಯದೇ ಆಯಿತು.
ಹೆದರಿಕೆ ಬಿಟ್ಟ ಕೈ ಅವಸರ ಮಾಡುತ್ತದೆ.
ಕಸೋಮನ ಕೈ ಹಾಗಿತ್ತು.
ಇತ್ತು.

ಮನೆಯಲ್ಲಿ ಅವಳಿಗಳು, ಜಾಂಬ ಮತ್ತು ಹೊಸಿ,
ಆನೆ ಮತ್ತು ಸಿಂಹ.
ನನ್ನ ಸಿಂಹಕ್ಕೆ ಕತ್ತಲೆಂದರೆ ಆಗದು.
ರಾತ್ರಿ ಎದ್ದಾಗ ದೀಪ ಹಚ್ಚು ಅನ್ನುವುದಿಲ್ಲ,
ಬೆರಳು ಕೊಡು ಅನ್ನುತ್ತಾನೆ.
ಬೇಡುವುದನ್ನು ನಾನು ಅವನಿಂದ ಕಲಿತೆ:
ಈ ಬೆರಳಿಗೆ, ಇನ್ನೊಂದು ಬೆರಳಿನಷ್ಟು ಮಣ್ಣಿಗೆ,
ಅಷ್ಟಕ್ಕೆ ಮಾತ್ರ ಜೊತೆಗೆ ಬಾ.
ಸಂಜೆಯದು ಸಂಜೆಗೆ.
ನಿನ್ನನ್ನು ನಂಬುತ್ತೇನೆ, ಮುಖಗಾಜನ್ನೂ ತೆಗೆಯುವುದಿಲ್ಲ.
ಎರಡರಲ್ಲಿ ಒಂದನ್ನು ಆರಿಸಿಕೋ ಎಂದು
ನೀನು ಯಾವತ್ತೂ ಹೇಳಿದವನಲ್ಲ.

ಸಿಳ್ಳೆ. ಎಲ್ಲರೂ ಹಿಂದೆ ಸರಿದರು.
ಮೂರಕ್ಕೆ ತಂತಿ ಎಳೆದು ಸಿಡಿಸಿದೆವು.
ಮಣ್ಣು ಎದ್ದು ನಿಂತು, ಒಂದು ಗಳಿಗೆ
ಯಾರದೋ ಆಕಾರ ತಾಳುವಂತೆ ತೋರಿ, ಕುಸಿಯಿತು.
ಇಗರ್ಜಿಯ ತಗಡು ಝಣಗುಟ್ಟಿತು.
ಸಪಾಲೊ ಟೋಪಿ ತೆಗೆದಿದ್ದ.
ತನ್ನ ಕಾಲುದಾರಿ ಆ ಗುಂಡಿಯಿಂದ ಎಷ್ಟು ದೂರ ಎಂದು
ಕಣ್ಣಲ್ಲೇ ಅಳೆಯುತ್ತಿದ್ದ.
ಒಂದು ಹೆಜ್ಜೆ. ಅದೂ ಮುದುಕನ ಹೆಜ್ಜೆ.
ಇಪ್ಪತ್ತು ವರ್ಷ, ಸಾವಿರ ಭಾನುವಾರ.
'ನೋಡಿದೆಯಾ,' ಅಂದ, ದನಿ ನಡುಗುತ್ತಿತ್ತು, 'ಕಾಯ್ದ.'
'ಕಾಯ್ದ,' ಅಂದೆ ನಾನೂ.
'ನಾಳೆಯಿಂದ ಸುತ್ತು ಬಳಸಿ ಹೋಗು, ಮಾವ.'

ಇವತ್ತಿನ ಲೆಕ್ಕ ಹದಿನಾಲ್ಕು ಚದರ ಮೀಟರ್.
ಜೋಳದ ಎರಡು ಸಾಲು ಹಿಡಿಸಬಹುದು,
ಅಥವಾ ಹುಡುಗರು ಕುಂಟೆಬಿಲ್ಲೆ ಗೆರೆ ಎಳೆಯಬಹುದು.
ಉಳಿದ ಗುಡ್ಡ ಹಾಗೇ ಇದೆ,
ಗಾಳಿಗೆ ಹುಲ್ಲು ಬಾಗುತ್ತಿದೆ, ಏನೂ ಅರಿಯದಂತೆ.
ಇದನ್ನೆಲ್ಲ ನೀನು ಆರು ದಿನದಲ್ಲಿ ಮಾಡಿದೆಯಂತೆ.
ಬಿಡಿಸಿ ಕೊಡುವುದಕ್ಕೆ ನನಗೆ ಇನ್ನಷ್ಟು ದಿನ ಬೇಕು.
ಕಾಯುತ್ತಿರು.